ಕಾಡಪ್ಪನ ಚಿತ್ರದ ಬುಕ್ಕುಗಳು

"ಎಡಕ್ಕ ವಾಲಾಕತ್ಯಾರ, ಹಿಡೀರಿ," ಅಂದಳು ಚನ್ನಕ್ಕ. ಯಾರಾದರೂ ಹಿಡಿಯುವ ಮೊದಲೇ ಮಂಚದ ಕೆಳಗೆ ಕೈಹಾಕಿ, ಸಿಕ್ಕ ಕಟ್ಟೊಂದನ್ನು ಎಳೆದು ಗಂಡನ ಕಂಕುಳ ಕೆಳಗೆ ಒತ್ತಿದಳು. ವಾಲುವುದು ನಿಂತಿತು. ಬಲಕ್ಕೂ ಒಂದಿಟ್ಟಳು. ಆಮೇಲೆ ಬೆನ್ನಿಗೆ, ಮಂಡಿಗಳ ಕೆಳಗೆ, ಸೊಂಟದ ಎರಡೂ ಬದಿಗೆ. ಪ್ಲಾಸ್ಟಿಕ್ ಸುತ್ತಿ ಸುತಲಿ ಬಿಗಿದ ಕಟ್ಟುಗಳು, ಇಟ್ಟಿಗೆಯಷ್ಟು ಗಟ್ಟಿ. ಕಾಡಪ್ಪ ನೆಟ್ಟಗೆ ಕೂತ.

ಅವರ ಕಡೆ ಸತ್ತವರನ್ನು ಮಲಗಿಸುವುದಿಲ್ಲ. ಮೈ ಸೆಟೆಯುವ ಮೊದಲೇ ಕಾಲು ಮಡಿಸಿ, ಗೋಡೆಗೆ ಒರಗಿಸಿ ಕೂರಿಸುತ್ತಾರೆ. ಕೂತಂತೆಯೇ ಮಣ್ಣು ಮಾಡುತ್ತಾರೆ. ಊರಲ್ಲಾದರೆ ಗೋಡೆಯ ಗೂಟಕ್ಕೆ ವಸ್ತ್ರ ಕಟ್ಟಿ ಎದೆಗೆ ಸುತ್ತಿದರೆ ಆಯಿತು. ಪಟ್ಟಂದೂರು ಅಗ್ರಹಾರದ ಈ ಬಾಡಿಗೆ ರೂಮಿನಲ್ಲಿ ಗೂಟವಿಲ್ಲ, ಮೊಳೆಯೂ ಇಲ್ಲ. ಗೋಡೆಗೆ ಮೊಳೆ ಹೊಡೆಯಬಾರದು ಅಂತ ಓನರ್ ಮುನಿರಾಜು ಬೀಗದ ಕೈ ಕೊಡುವಾಗಲೇ ಹೇಳಿದ್ದ. ಇಷ್ಟು ವರ್ಷ ಅವರು ಒಂದು ಕ್ಯಾಲೆಂಡರನ್ನೂ ತೂಗುಹಾಕಿದವರಲ್ಲ. ಇವತ್ತೊಂದು ದಿನ ಹೊಡೆದಿದ್ದರೆ ಯಾರೂ ಏನೂ ಅನ್ನುತ್ತಿರಲಿಲ್ಲವೇನೋ. ಅದು ಚನ್ನಕ್ಕನಿಗೆ ಹೊಳೆಯಲಿಲ್ಲ.

ಕಾಡಪ್ಪನ ಚಿಕ್ಕಪ್ಪ ಮುರಿಗೆಪ್ಪ ಸರ್ಜಾಪುರದಿಂದ ಎರಡು ಬಸ್ಸು ಬದಲಿಸಿ ಬಂದ. ಅಲ್ಲಿ ಕಟ್ಟಡದ ಕೆಲಸದ ಶೆಡ್ಡಿನಲ್ಲಿ ಮಗನ ಜೊತೆ ಇದ್ದಾನೆ. ಬೆಂಗಳೂರಲ್ಲಿ ಊರಿನವರ ಮದುವೆ, ಸಾವು ಯಾವುದಿದ್ದರೂ ಶಾಸ್ತ್ರ ಹೇಳುವವನು ಅವನೇ. ಹೆಣದ ಮುಂದೆ ಕುಕ್ಕರಗಾಲಲ್ಲಿ ಕೂತು ನೋಡಿದ.

"ಏನವಾ ಇದು, ಬಗಲಾಗ?"

"ಬುಕ್ಕ, ಮಾವ. ಅವರ ಬುಕ್ಕ."

"ಯಾವ ಬುಕ್ಕ? ಪುರಾಣಾನ?"

"ಅಲ್ರೀ. ಚಿತ್ರದವು. ಸಣ್ಣ ಹುಡುಗ್ರು ಓದತಾವಲ್ಲ, ಅಂಥವು."

ಬಾಗಿಲಲ್ಲಿ ನಿಂತಿದ್ದವನೊಬ್ಬ ಟವೆಲ್ಲಿನಲ್ಲಿ ಬಾಯಿ ಮುಚ್ಚಿಕೊಂಡ. ಮುರಿಗೆಪ್ಪ ನಗಲಿಲ್ಲ.

"ಹೆಣಕ್ಕ ತಾಗಿದ್ದು ಮನ್ಯಾಗ ಇಟಗೊಳ್ಳಂಗಿಲ್ಲವಾ. ಊರಾಗ ಹಾಸಿದ ಕೌದಿ ಸೈತ ತಿರುಗಿ ತರಂಗಿಲ್ಲ. ಅವೂ ಕುಣಿಗೆ ಹೋಗ್ಲಿ, ಅವನ ಸಂಗಾಟ. ಪ್ರೀತಿ ಇತ್ತಲ್ಲ."

ಚನ್ನಕ್ಕ ಮಂಚದ ಕೆಳಗೆ ನೋಡಿದಳು. ಖಾಲಿ. ಒಂದು ಕಟ್ಟೂ ಉಳಿದಿರಲಿಲ್ಲ.

* * *

ಮೊದಲನೆಯದನ್ನು ತಂದವಳು ಅವಳೇ. ಐಟಿ ಪಾರ್ಕಿನ ಹಿಂದಿನ ಅಪಾರ್ಟ್‌ಮೆಂಟಿನಲ್ಲಿ ಅವನು ಗೇಟು ಕಾಯುತ್ತಿದ್ದ, ಅವಳು ಮನೆಗೆಲಸಕ್ಕೆ ಹೋಗುತ್ತಿದ್ದಳು. ಕಪಾಟಿನ ಹಲಗೆಗೆ ಹಾಸಿಕೋ ಅಂತ ಒಂದು ಮನೆಯ ಮೇಡಂ ಕೊಟ್ಟ ಹಳೇ ಪೇಪರಿನ ನಡುವೆ ಅದು ಇತ್ತು. ಕನ್ನಡದ್ದು, ರಟ್ಟು ಅರ್ಧ ಹರಿದದ್ದು. ನಾಲ್ಕನೇ ಇಯತ್ತೆಗೆ ಶಾಲೆ ಬಿಟ್ಟ ಕಾಡಪ್ಪ ಅದನ್ನು ಬೆರಳಿಟ್ಟು ಓದಿದ, ಮತ್ತೆ ಓದಿದ. ಕತೆಯ ನಾಯಕ ಬಾವಿಯೊಳಗೆ ಬಿದ್ದಿದ್ದ. ಮುಂದಿನದು ಮುಂದಿನ ಸಂಚಿಕೆಯಲ್ಲಿ ಅಂತ ಕೊನೆಗೆ ಅಚ್ಚಾಗಿತ್ತು. ಆ ಮುಂದಿನ ಸಂಚಿಕೆ ಹುಡುಕಲು ಹೋದವನು ವಾಪಸ್ಸು ಬರಲೇ ಇಲ್ಲ ಅನ್ನಬೇಕು.

ರಜೆ ಸಿಕ್ಕಿದರೆ ಹೂಡಿಯ ಗುಜರಿ ಅಂಗಡಿಗಳಲ್ಲಿ ರದ್ದಿಯ ಗುಡ್ಡದ ಮೇಲೆ ಕೂತಿರುತ್ತಿದ್ದ. ಇಂಗ್ಲಿಷಿನವು ಕಂತೆಗಟ್ಟಲೆ ಬರುತ್ತಿದ್ದವು. ಕನ್ನಡದ್ದು ಒಂದು ಸಿಕ್ಕರೆ ಮನೆಯಲ್ಲಿ ಹಬ್ಬ. ಸಿಕ್ಕಿತು ಅಂತ ಹಿಗ್ಗುವಾಗ ಕೊನೆಯ ಹಾಳೆ ಇರುತ್ತಿರಲಿಲ್ಲ. ಇಲ್ಲವೇ ಯಾರದೋ ಮಗು ನಾಯಕನಿಗೆ ಮೀಸೆ ಬರೆದಿರುತ್ತಿತ್ತು. ಹರಿದದ್ದಕ್ಕೆ ಮೈದಾ ಅಂಟು ಹಚ್ಚಿ ಸರಿಮಾಡಿದ, ಅಂಟಿನ ರುಚಿಗೆ ಜಿರಲೆ ಬಂದು ಪುಸ್ತಕವನ್ನೇ ತಿಂದವು. ಆಮೇಲೆ ಅಂಟು ಬಿಟ್ಟ, ತುಕ್ಕು ಹಿಡಿದ ಪಿನ್ನು ಬಿಚ್ಚಿ ದಾರದಲ್ಲಿ ಹೊಲಿಯುವುದು ಕಲಿತ. ನಡುನಡುವೆ ಒಣ ಬೇವಿನ ಎಲೆ.

ಅವಳಿಗೆ ಅಕ್ಷರ ಬಾರದು. ಅವನು ಓದಿ ಹೇಳುತ್ತಿದ್ದ, ಅವಳು ಚಿತ್ರ ನೋಡಿ ಮುಂದಿನದನ್ನು ಮೊದಲೇ ಹೇಳಿಬಿಡುತ್ತಿದ್ದಳು.

"ಈ ಮಂತ್ರೀನ ಕಳ್ಳ."

"ತಡೀಯಲೇ, ಇನ್ನೂ ಅಲ್ಲಿಗೆ ಬಂದಿಲ್ಲ."

"ಅವನ ಕಣ್ಣ ಹೇಳತಾವಲ್ಲ."

ಒಂದು ಮಳೆಗಾಲ ಮೋರಿ ನೀರು ರೂಮಿಗೆ ನುಗ್ಗಿತು. ಅವನು ಡ್ಯೂಟಿಯಲ್ಲಿದ್ದ. ಅವಳು ಕಟ್ಟುಗಳನ್ನೆಲ್ಲ ಎತ್ತಿ ಮಂಚದ ಮೇಲೆ ಪೇರಿಸಿದಳು. ಅಷ್ಟರಲ್ಲಿ ಅಕ್ಕಿ ಚೀಲ ನೆನೆದು ಹೋಗಿತ್ತು. ಬಂದವನು ನೋಡಿ, "ಅಕ್ಕಿ ಮೊದಲ ಎತ್ತಬೇಕಲ್ಲೇ," ಅಂದ. ಅವಳಿಗೆ ನಾಚಿಕೆಯಾಗಿ, ಬಾಯಿಗೆ ಬಂದಂತೆ ಬೈದಳು. ತಳದ ಎರಡು ಕಟ್ಟು ಒದ್ದೆಯಾಗಿದ್ದವು. ಒಂದೊಂದೇ ಹಾಳೆ ಬಿಡಿಸಿ ಒಣಗಿಸಲು ವಾರ ಹಿಡಿಯಿತು. ಒಣಗಿಸಿದವಳೂ ಅವಳೇ.

* * *

ಬಿಸಿಲು ಏರುವ ಹೊತ್ತಿಗೆ ಓನರ್ ಮುನಿರಾಜು ಬಂದು ಹೊಸ್ತಿಲಲ್ಲಿ ನಿಂತ. ವರ್ಷದಿಂದ ಅವನು ಈ ರೂಮಿನ ಕಡೆ ಬಂದಿರಲಿಲ್ಲ. ಬಾಡಿಗೆಯನ್ನು ಚನ್ನಕ್ಕ ಅವನ ಹೆಂಡತಿ ಪದ್ಮಾವತಿಯ ಕೈಗೆ ಕೊಟ್ಟು ಬರುತ್ತಿದ್ದಳು. ಗಂಡಸರಿಬ್ಬರಿಗೂ ಮಾತು ಬಿಟ್ಟುಹೋಗಿತ್ತು.

ಕಾರಣವೂ ಬುಕ್ಕೇ. ಹಳೇ ಮನೆ ಕೆಡವುವಾಗ ಮುನಿರಾಜುವಿನ ತಾಯಿ ಅಂಜಿನಮ್ಮ ಅಟ್ಟದ ಮೇಲಿದ್ದ ಕಾಗದವನ್ನೆಲ್ಲ ಗುಜರಿಗೆ ಹಾಕಿದ್ದಳು. ಅದು ಹೂಡಿಗೆ ಹೋಯಿತು, ಅಲ್ಲಿಂದ ಕಾಡಪ್ಪನ ಹೆಗಲೇರಿ ಅದೇ ಓಣಿಗೆ ವಾಪಸ್ಸು ಬಂತು. ಅದರೊಳಗಿನ ಒಂದೊಂದು ಚಿತ್ರದ ಬುಕ್ಕಿನ ಮೊದಲ ಹಾಳೆಯಲ್ಲೂ ಸೊಟ್ಟ ಅಕ್ಷರ: ಮುನಿರಾಜು, ಐದನೇ ಕ್ಲಾಸು, ಬಿ ಸೆಕ್ಷನ್. ಕಾಡಪ್ಪ ಖುಷಿಯಾಗಿ ಅವನನ್ನು ಕರೆದು ತೋರಿಸಿದ. ತೋರಿಸದೆ ಇದ್ದಿದ್ದರೆ ಗೊತ್ತೇ ಆಗುತ್ತಿರಲಿಲ್ಲ.

ಮುನಿರಾಜು ನೆಲದ ಮೇಲೆ ಕೂತು ಒಂದೊಂದನ್ನೇ ತಿರುವಿದ. ಆಮೇಲೆ ಎಲ್ಲ ಜೋಡಿಸಿ ಎತ್ತಿಕೊಂಡ.

"ಒಯ್ಯಂಗಿಲ್ರೀ ಓನರ್ರ. ಇಲ್ಲೇ ಓದ್ರಿ. ದಿನಾ ಬರ್ರಿ, ಚಾ ಕೊಡ್ತೀವಿ."

"ನನ್ ಬುಕ್ಕು ಕಣಯ್ಯ. ಎಸ್ರು ಕಾಣಾಕಿಲ್ವಾ?"

"ನಿಮ್ಮವಿದ್ದವು. ರದ್ದಿಗೆ ಬಿದ್ದಮ್ಯಾಗ ಎತ್ತಿದಾವಂದು."

"ರೂಮೂ ನಂದೇ, ಗ್ಯಾಪ್ಕ ಇರ್ಲಿ."

"ರೂಮ ಬೇಕಾದ್ರ ಬಿಡ್ತೀನಿ."

ಕೊಡಲು ಕಾಡಪ್ಪನಿಗೆ ಆಗುತ್ತಿರಲಿಲ್ಲ. ಹುಡುಕಿ ಹುಡುಕಿ ಸಿಗದ ಸಂಚಿಕೆಗಳು ಅದರಲ್ಲೇ ಇದ್ದವು. ಸಾಲಾಗಿ ಜೋಡಿಸಿದ ಮೇಲೆ ಒಂದು ತೆಗೆದರೂ ಬಾಯಲ್ಲಿ ಹಲ್ಲು ಬಿದ್ದಂತೆ. ಮುನಿರಾಜು ಬುಕ್ಕು ಕೆಳಗಿಟ್ಟು ಹೋದ. ಅವನು ಖಾಲಿ ಮಾಡಿಸಲಿಲ್ಲ, ಇವನು ಬಿಟ್ಟು ಹೋಗಲಿಲ್ಲ.

* * *

"ಇದೇನಕ್ಕ, ಬುಕ್ಕೆಲ್ಲ ಇಂಗಿಟ್ಟಿದೀರಾ?" ಅಂದ ಮುನಿರಾಜು ಹೊಸ್ತಿಲಿಂದಲೇ.

"ಮೊಳಿ ಇಲ್ಲಲ್ರೀ ಓನರ್ರ," ಅಂದಳು ಚನ್ನಕ್ಕ. "ಹೊಡೀಬ್ಯಾಡ ಅಂದಿದ್ರಿ."

ಮುನಿರಾಜು ಗೋಡೆ ನೋಡಿದ. "ಇವತ್ತೂ ಬ್ಯಾಡ ಅಂತಿದ್ನಾ ನಾನು? ತಾಳಿ, ಸುತ್ತಿಗೆ ತರ್ತೀನಿ."

"ಹೆಣದ ತಲಿಮ್ಯಾಗ ಸುತ್ತಿಗಿ ಬಡಿಯಂಗಿಲ್ರೀ," ಅಂದ ಮುರಿಗೆಪ್ಪ.

"ಮಲಗಿಸ್ಬುಡಿ ಅಂಗಾದ್ರೆ. ನಮ್ಮಲ್ಲಿ ಮಲಗಿಸ್ತೀವಿ."

"ನಿಮ್ಮಲ್ಲಿ ಮಲಗಸ್ರಿ. ಚಿಂತಿ ಮಾಡಬ್ಯಾಡ್ರಿ, ಬುಕ್ಕ ನಿಮ್ಮ ರೂಮಿನಾಗ ಉಳಿಯಂಗಿಲ್ಲ. ಕುಣಿಗೆ ಹೋಗ್ತಾವ."

ಸಾವಿನ ಮನೆಯಲ್ಲಿ ಬುಕ್ಕು ಕೇಳಿದರೆ ಜನ ಏನಂದಾರು. ಮುನಿರಾಜು ಚನ್ನಕ್ಕನ ಕಡೆ ನೋಡಿದ.

ಕುಣಿ ತೋಡಲು ಹೋದವರಿಂದ ಫೋನು ಬಂತು. ಕೆಳಗೆ ಬಂಡೆ ಸಿಕ್ಕಿದೆ, ಜೆಸಿಬಿ ಕರೆಸಿದ್ದಾರೆ, ಇನ್ನೂ ಹೊತ್ತಾಗುತ್ತದೆ. ಬುಕ್ಕಿಗೂ ಜಾಗ ಬೇಕು, ಸ್ವಲ್ಪ ಅಗಲ ತೋಡ್ರಿ ಅಂತ ಮುರಿಗೆಪ್ಪ ಫೋನಿನಲ್ಲೇ ಹೇಳಿದ.

"ಬ್ಯಾಡ ಮಾವ," ಅಂದಳು ಚನ್ನಕ್ಕ. "ಬುಕ್ಕ ಕುಣಿಗೆ ಬ್ಯಾಡ."

"ತಾಗ್ಯಾವಲ್ಲವಾ."

"ನಾನೂ ತಾಗೀನಿ. ಮೈ ತೊಳಿಸೀನಿ, ಇಬತ್ತಿ ಹಚ್ಚೀನಿ. ತಾಗಿದ್ದೆಲ್ಲ ಹಾಕೂದಾದ್ರ ನನ್ನಿಂದ ಸುರು ಮಾಡ್ರಿ."

"ನೀ ಜಳಕ ಮಾಡ್ತಿ. ಬುಕ್ಕಿಗೆ ಜಳಕ ಮಾಡಸ್ತೀಯೇನು?"

"ಅವಕ್ಕ ಒಮ್ಮೆ ಆಗೈತಿ, ಮೋರಿ ನೀರಾಗ. ಮತ್ತ ಈಗ ತಾಗಿದ್ದು ಮ್ಯಾಲಿನ ಪ್ಲಾಸ್ಟಿಕ್. ಪ್ಲಾಸ್ಟಿಕ್ ಒಯ್ರಿ."

ಮುರಿಗೆಪ್ಪ ಒಂದು ಕಟ್ಟಿನ ಪ್ಲಾಸ್ಟಿಕ್ಕನ್ನು ಬೆರಳಲ್ಲಿ ತಟ್ಟಿ ನೋಡಿದ. ಊರಿನ ಶಾಸ್ತ್ರದಲ್ಲಿ ಪ್ಲಾಸ್ಟಿಕ್ಕಿನ ಮಾತು ಇರಲಿಲ್ಲ.

"ತೆಗಿಯೂದಾದ್ರ ಈಗ ತೆಗಿ," ಅಂದ ಕೊನೆಗೆ. "ಅಯ್ನೋರು ಬಂದು ಪೂಜಿ ಮಾಡಿದಮ್ಯಾಗ ಏನೂ ಅಲುಗಸಂಗಿಲ್ಲ. ಆದ್ರ ಇವ ಹ್ಯಾಂಗ ಕೂಡತಾನ, ನೋಡ್ಕೊ."

ಚನ್ನಕ್ಕ ಎದ್ದು ಗಂಡನ ಬಲಕ್ಕೆ ಹೋಗಿ ಗೋಡೆಗೆ ಬೆನ್ನು ಕೊಟ್ಟು ಕೂತಳು. ಅವನ ಹೆಗಲಿಗೆ ಹೆಗಲು ಹಚ್ಚಿದಳು. ಆ ಬದಿಯ ಕಟ್ಟು ತೆಗೆಯಲು ಮಗಳು ಶಿವಗಂಗಾಳಿಗೆ ಸನ್ನೆ ಮಾಡಿದಳು. ಆಮೇಲೆ ಹೊಸ್ತಿಲ ಕಡೆ ತಿರುಗಿದಳು.

"ಓನರ್ರ, ಬುಕ್ಕ ಉಳೀಲಿ ಅಂತ ನಿಮಗೂ ಐತಲ್ಲ?"

ಮುನಿರಾಜುವಿನ ಕಣ್ಣು ಶಿವಗಂಗಾಳ ಕೈಯ ಕಟ್ಟಿನ ಮೇಲಿತ್ತು.

"ಹಂಗಾದ್ರ ಬುಕ್ಕ ಮಾಡೂ ಕೆಲಸ ನೀವು ಮಾಡ್ರಿ. ಆ ಕಡಿ ಬಂದು ಕೂಡ್ರಿ."

ಓಣಿಯ ಜನ ಅವನನ್ನೇ ನೋಡುತ್ತಿದ್ದರು. ಅವನು ಚಪ್ಪಲಿ ಬಿಟ್ಟು ಒಳಗೆ ಬಂದ.

"ಕೊಡ್ತೀನಿ ಅಂದಿಲ್ಲ ಮತ್ತ," ಅಂದಳು.

"ನಾನು ಕೇಳಿಲ್ಲ ಬುಡಕ್ಕ."

ಎಡಗಡೆ ಕೂತ. ಶಿವಗಂಗಾ ಕಂಕುಳ ಕಟ್ಟನ್ನು ಮೆಲ್ಲಗೆ ಎಳೆದಳು. ಕಾಡಪ್ಪನ ಭಾರ ಮುನಿರಾಜುವಿನ ಹೆಗಲಿಗೆ ಬಂತು. ಬಸ್ಸಿನಲ್ಲಿ ಪಕ್ಕದವನು ನಿದ್ದೆ ಹೋದಾಗ ಬರುವಂಥ ಭಾರ, ಆದರೆ ತಣ್ಣಗೆ. ಅವನು ಸೊಂಟ ಸರಿಮಾಡಿಕೊಂಡು ಗಟ್ಟಿಯಾಗಿ ಕೂತ. ಒಂದೊಂದೇ ಕಟ್ಟು ಹೊರಗೆ ಹೋಯಿತು. ಮೆಟ್ಟಿಲ ಮೇಲೆ ಪ್ಲಾಸ್ಟಿಕ್ ಬಿಚ್ಚುವ ಪರಪರ ಸದ್ದು ಒಳಗೆ ಕೇಳುತ್ತಿತ್ತು.

ಅಯ್ಯನವರು ಬಂದು ಪೂಜೆ ಮಾಡಿದರು. ಮೂವರೂ ಒತ್ತಿಕೊಂಡು ಕೂತಿದ್ದರಿಂದ ಎಸೆದ ಹೂವು, ಪತ್ರೆ ಮೂವರ ಮೇಲೂ ಬಿದ್ದವು. ಕಾಡಪ್ಪನ ತೋಳಿನ ವಿಭೂತಿ ಮುನಿರಾಜುವಿನ ನೀಲಿ ಅಂಗಿಗೆ ಹತ್ತಿತ್ತು. ಅವನು ಒರೆಸಿಕೊಳ್ಳಲಿಲ್ಲ, ಕೈ ಎತ್ತುವಂತಿರಲಿಲ್ಲ.

ಹೊತ್ತು ಇಳಿಯುವಾಗ ಹುಡುಗರು ಹೆಣ ಕೂರಿಸಿ ಒಯ್ಯುವ ಬಿದಿರಿನ ವಿಮಾನ ತಂದು ಬಾಗಿಲಲ್ಲಿ ಇಳಿಸಿದರು.

"ಸಾಕು, ಏಳ್ರಿ ಓನರ್ರ," ಅಂದ ಮುರಿಗೆಪ್ಪ.

ಮುನಿರಾಜು ಏಳಲಿಲ್ಲ. ಕಾಡಪ್ಪನ ಎದೆಯಾಚೆ ಬಗ್ಗಿ ಚನ್ನಕ್ಕನನ್ನು ನೋಡಿದ. ಅವಳೂ ಎದ್ದಿರಲಿಲ್ಲ. ಯಾರು ಮೊದಲು ಎದ್ದರೂ ಕಾಡಪ್ಪ ಆ ಕಡೆಗೆ ವಾಲುತ್ತಿದ್ದ.