ತೊಲೆಗೆ ತೂಗುಬಿಟ್ಟ ಬಾಳೆಗೊನೆ

ಪ್ರಮೀಳಾ ಜಗಳೂರಿನ ಒಂದು ಹೈಸ್ಕೂಲಿನಲ್ಲಿ ಗುಮಾಸ್ತೆ. ಮೂರು ವರ್ಷದ ಹಿಂದೆ ಅವಳ ಗಂಡ ಸತೀಶ್ ಕುಮಾರ್ ಎಲ್ಲಿಂದಲೋ ಒಂದು ಹಳೆಯ ಕ್ಯಾಮೆರಾ ತಂದು ಅವಳ ಕೈಗೆ ಕೊಟ್ಟಿದ್ದ. "ಬರೀ ಗ್ವಾಡೆ ನೋಡ್ತಾ ಕೂರಬ್ಯಾಡ, ಏನಾರ ತೆಗಿ" ಎಂದಿದ್ದ. ಅವಳು ತೆಗೆದಳು. ಹಗ್ಗದ ಮೇಲಿನ ಬಟ್ಟೆ ಕ್ಲಿಪ್ಪು, ಮಕ್ಕಳು ತರಗತಿಯ ಹೊರಗೆ ಬಿಟ್ಟ ಚಪ್ಪಲಿ, ಬಕೆಟ್ಟಿನ ನೀರಿನಲ್ಲಿ ಬಿದ್ದ ಬಿಸಿಲು. ಚಿತ್ರ ಚೆನ್ನಾಗಿ ಬಂದರೂ ಬರದಿದ್ದರೂ ಅವಳಿಗೆ ಒಂದೇ ಆಗಿತ್ತು.

ಅದನ್ನು ಕಂಡ ಶಾಲೆಯ ಡ್ರಾಯಿಂಗ್ ಮೇಷ್ಟ್ರು ಅವಳನ್ನು ಒಂದು ವಾಟ್ಸಾಪ್ ಗುಂಪಿಗೆ ಸೇರಿಸಿದರು. ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರಿನ ಕಡೆಯ ನಲವತ್ತು ಮಂದಿ ಹವ್ಯಾಸಿಗಳು ಅದರಲ್ಲಿದ್ದರು. ಪ್ರತಿ ಭಾನುವಾರ ಒಬ್ಬರು ಮನೆಯದೋ ಬೀದಿಯದೋ ಒಂದು ಸಾಮಾನ್ಯ ಚಿತ್ರ ಹಾಕಬೇಕು, ಉಳಿದವರು ಅದನ್ನು ನೋಡಿ ನೆನಪಾದದ್ದನ್ನು ಬರೆಯಬೇಕು. ಪ್ರಮೀಳಾ ಎಲ್ಲವನ್ನೂ ಓದುತ್ತಿದ್ದಳು. ತಾನು ಏನೂ ಬರೆಯುತ್ತಿರಲಿಲ್ಲ.

ಮಾಘದ ಒಂದು ಭಾನುವಾರ ನ್ಯಾಮತಿಯ ತಿಪ್ಪೇಶ್ ಎಂಬಾತ ಬಾಳೆಗೊನೆಯ ಚಿತ್ರ ಹಾಕಿದ. ನಡುಮನೆಯ ತೊಲೆಗೆ ಗೊನೆಯನ್ನು ತೂಗುಬಿಟ್ಟಿದ್ದರು. ಪಕ್ಕದ ಕಿಟಕಿಯಿಂದ ಬೆಳಕು ಬಿದ್ದು ಒಂದು ಕಡೆಯ ಕಾಯಿಗಳು ಹಳದಿಯಾಗಿ ಕಾಣುತ್ತಿದ್ದವು. ಗುಂಪಿನಲ್ಲಿ ಸಂಭ್ರಮವೋ ಸಂಭ್ರಮ. ಚನ್ನಗಿರಿಯ ನಿವೃತ್ತ ಮೇಷ್ಟ್ರು ಪಂಚಾಕ್ಷರಪ್ಪನವರು, ತಮ್ಮಜ್ಜಿ ಗುಂಡಿ ತೋಡಿ ಹೊಗೆ ಹಾಕಿ ಕಾಯಿ ಹಣ್ಣು ಮಾಡುತ್ತಿದ್ದುದನ್ನು ಬರೆದರು. ಹೊನ್ನಾಳಿಯ ಒಬ್ಬಳು, ತಾನೂ ತಮ್ಮನೂ ಅರೆಗಾಯಿ ಕದ್ದು ತಿಂದು ಹೊಟ್ಟೆನೋವು ತಂದುಕೊಂಡದ್ದನ್ನು ಬರೆದಳು.

ಪ್ರಮೀಳಾ ನೋಡಿದ್ದು ಗೊನೆಯನ್ನಲ್ಲ, ಅದು ನೇತುಬಿದ್ದ ಕೊಂಡಿಯನ್ನು. ತೊಲೆಯಲ್ಲಿ ಎರಡು ಕೊಂಡಿಗಳಿದ್ದವು. ಒಂದು ಹಳೆಯ ಕಬ್ಬಿಣದ್ದು. ಇನ್ನೊಂದು, ಕರೆಂಟು ಕಂಬದ ಬೋಲ್ಟನ್ನು ಬಗ್ಗಿಸಿ ಮಾಡಿದ್ದು. ಅದಕ್ಕೆ ಸುತ್ತಿದ್ದ ಕೆಂಪು ಟೇಪು ಇನ್ನೂ ಹಾಗೇ ಇತ್ತು.

ಆ ಕೊಂಡಿ ಮಾಡಿದವನು ಸತೀಶ. ಅವನು ಆಗ ನ್ಯಾಮತಿಯಲ್ಲಿ ಲೈನ್‌ಮನ್ ಆಗಿದ್ದ, ಗಂಡ ಹೆಂಡತಿ ಅದೇ ಮನೆಯಲ್ಲಿ ಬಾಡಿಗೆಗೆ ಇದ್ದರು. ಮಗಳು ಮೇಘಶ್ರೀ ಹುಟ್ಟಿದಾಗ ತೊಟ್ಟಿಲು ಕಟ್ಟಲು ಒಂದು ಕೊಂಡಿ ಸಾಲದೆಂದು ಇನ್ನೊಂದನ್ನು ಹೊಡೆದಿದ್ದ. ತೂಗುವಾಗ ಕಿರುಗುಡಬಾರದೆಂದು ಟೇಪು ಸುತ್ತಿದ್ದ. ಮಗು ಎಂಟು ತಿಂಗಳಿಗೆ, ಯುಗಾದಿ ಆದಮೇಲೆ, ಮೂರು ದಿನದ ಜ್ವರದಲ್ಲಿ ಹೋಯಿತು. ಮಣ್ಣಿಗೆ ಗಂಡಸರಷ್ಟೇ ಹೋಗಿ ಬಂದರು. ಅದಾದ ಎರಡು ತಿಂಗಳಿಗೆ ಜಗಳೂರಿಗೆ ವರ್ಗವಾಯಿತು. ಆಮೇಲೆ ಆ ಮನೆಯ ಮಾತನ್ನಾಗಲಿ ಮಗುವಿನ ಹೆಸರನ್ನಾಗಲಿ ಇಬ್ಬರೂ ಎತ್ತಿರಲಿಲ್ಲ.

ಅವಳು ಫೋನನ್ನು ಗಂಡನ ಮುಂದೆ ಹಿಡಿದಳು. ಸತೀಶ ಅವಲಕ್ಕಿ ತಿನ್ನುತ್ತಿದ್ದ. ಸ್ವಲ್ಪ ಹೊತ್ತು ನೋಡಿದ.

"ಪಚ್ಚಬಾಳೆ. ಹಣ್ಣಾಗಾಕೆ ಇನ್ನೂ ಎರಡು ದಿನ ಬೇಕು" ಎಂದು ತಟ್ಟೆಗೆ ತಲೆ ಬಗ್ಗಿಸಿದ.

ಅವಳಿಗೆ ಸಿಟ್ಟೂ ಬರಲಿಲ್ಲ, ಅಳುವೂ ಬರಲಿಲ್ಲ. ತಿಪ್ಪೇಶನಿಗೆ ಬೇರೆಯಾಗಿ ಮೆಸೇಜು ಮಾಡಿದಳು. ಹಿಂದೆ ಆ ಮನೆಯಲ್ಲಿದ್ದೆವು, ಒಮ್ಮೆ ನೋಡಿಹೋಗಲೇ ಎಂದು ಕೇಳಿದಳು. "ಅದಕ್ಕೇನು ಕೇಳಾದು ಅಕ್ಕಾರೆ, ಬರ್ರಿ" ಎಂದು ಅವನ ಉತ್ತರ ಬಂತು.

ಮುಂದಿನ ಭಾನುವಾರ ಗಂಡನಿಗೆ ಫೋಟೋದವರ ಕೂಟವಿದೆಯೆಂದು ಹೇಳಿ ಬೆಳಿಗ್ಗೆಯೇ ಬಸ್ಸು ಹತ್ತಿದಳು. ದಾವಣಗೆರೆಯಲ್ಲೊಮ್ಮೆ, ಹೊನ್ನಾಳಿಯಲ್ಲೊಮ್ಮೆ ಬಸ್ಸು ಬದಲಿಸಿ ನ್ಯಾಮತಿ ಮುಟ್ಟುವಾಗ ಹನ್ನೆರಡಾಗಿತ್ತು. ದಾರಿಯುದ್ದಕ್ಕೂ ಕ್ಯಾಮೆರಾ ತೊಡೆಯ ಮೇಲಿತ್ತು. ಮನೆ ಹೊಕ್ಕೊಡನೆ ತನಗೆ ಏನೋ ಆಗಬಹುದು, ಕುಸಿಯಬಹುದು ಎಂದುಕೊಂಡಿದ್ದಳು. ಏನೂ ಆಗಲಿಲ್ಲ. ತಿಪ್ಪೇಶನವರು ಅದನ್ನು ಆಮೇಲೆ ಕೊಂಡವರು; ಈಗ ಅದು ಯಾರದೋ ಮನೆಯಾಗಿತ್ತು. ಗೋಡೆಯ ಬಣ್ಣ ಬೇರೆಯಾಗಿತ್ತು, ನೆಲಕ್ಕೆ ಟೈಲ್ಸ್ ಬಿದ್ದಿತ್ತು. ಗೊನೆಯಲ್ಲಿ ಎರಡೇ ಚಿಪ್ಪು ಉಳಿದಿದ್ದವು.

ತಿಪ್ಪೇಶನ ತಾಯಿ ದುರುಗಮ್ಮ ಚಾಪೆ ಹಾಸಿ, ಮಗನನ್ನು ಹಾಲು ತರಲು ಕಳಿಸಿದಳು. ಪ್ರಮೀಳಾ ತಲೆಯೆತ್ತಿ ನೋಡುತ್ತಿದ್ದುದನ್ನು ಗಮನಿಸಿದಳು.

"ಆ ಕೊಂಡಿ ನೋಡಾಕೆ ಬರೋರು ನೀವೊಬ್ರೇ ಅಲ್ಲ ಬಿಡ್ರಿ" ಎಂದಳು.

"ಇನ್ಯಾರು ಬರ್ತಾರೆ?"

"ಕೆಇಬಿಯೋರೊಬ್ರು. ವರ್ಸಕ್ಕೊಂದ್ಸಲ, ಯುಗಾದಿ ಆದ್ಮ್ಯಾಲೆ. ಮೀಟ್ರು ನೋಡಬೇಕು ಅಂತಾರೆ. ಮೀಟ್ರು ಇರಾದು ಹೊರಗೆ. ಅವ್ರು ಒಳಗೆ ಬಂದು ಇಲ್ಲಿ ನಿಂತ್ಕಂಡು ಮ್ಯಾಲೆ ನೋಡ್ತಾರೆ. ನೀರು ಕುಡೀತಾರೆ, ಹೋಗ್ತಾರೆ. ಎಡಗೈನಾಗೆ ಎರಡು ಬೆರಳು ಸುಟ್ಟು ಮುರುಟ್ಕಂಡವೆ, ಪಾಪ."

ಸತೀಶನ ಬೆರಳು ಸುಟ್ಟದ್ದು ಮದುವೆಯಾದ ವರ್ಷ, ಒಂದು ಟ್ರಾನ್ಸ್‌ಫಾರ್ಮರ್ ರಿಪೇರಿ ಮಾಡುವಾಗ.

"ನೀವು ಕೇಳ್ಲಿಲ್ಲೇನ್ರಿ, ಯಾಕೆ ಬರ್ತೀರಿ ಅಂತ?"

"ಏನಂತ ಕೇಳಾನವ್ವ? ತೊಟ್ಟಿಲ ಕೊಂಡಿ ಅಂಬಾದು ನೋಡಿದ್ರೆ ಗೊತ್ತಾಗಲ್ವಾ? ಅದ್ಕೇ ಮಗ ಕೀಳ್ತೀನಿ ಅಂದ್ರೂ ಕೀಳಿಸ್ಲಿಲ್ಲ. ಸುಮ್ನೆ ಬಿಟ್ರೆ ಕಿತ್ತಾನು ಅಂತ ಗೊನೆ ಕಟ್ಸಿದೆ."

ದುರುಗಮ್ಮ ಒಂದು ಚಿಪ್ಪು ಮುರಿದು ಕೊಟ್ಟಳು. ಪ್ರಮೀಳಾ ಚಹಾ ಕುಡಿದು, ಒಂದು ಹಣ್ಣು ತಿಂದು, ಉಳಿದವನ್ನು ಚೀಲಕ್ಕೆ ಹಾಕಿಕೊಂಡು ಹೊರಟಳು.

ಮನೆ ತಲುಪಿದಾಗ ದೀಪ ಹಚ್ಚುವ ಹೊತ್ತು. ಸತೀಶ ಅನ್ನಕ್ಕೆ ಇಟ್ಟಿದ್ದ. ಅವಳು ಹಣ್ಣುಗಳನ್ನು ಕಟ್ಟೆಯ ಮೇಲೆ ಇಟ್ಟಳು.

"ದುರುಗಮ್ಮ ಕೊಟ್ರು" ಎಂದಳು.

ಅವನು ಕುಕ್ಕರಿನ ಕಡೆ ಮುಖ ಮಾಡಿಕೊಂಡೇ ನಿಂತ. ಎರಡು ಸೀಟಿ ಆಯಿತು. ಒಲೆ ಆರಿಸಿದ.

"ನನಗ್ಯಾಕೆ ಹೇಳ್ಲಿಲ್ರೀ?"

"ನೀನು ಅಳ್ತೀಯ ಅಂತ."

"ನಾನು ಅತ್ತಿದ್ದು ಯಾವಾಗ ನೋಡೀರಿ?"

ಅವನು ಯೋಚಿಸಿದ. "ನೋಡಿಲ್ಲ" ಎಂದ. ಆಮೇಲೆ ನಿಧಾನವಾಗಿ ಹೇಳಿದ: "ಮೊದಲನೇ ವರ್ಷ ಮಣ್ಣು ಮಾಡಿದ್ದಲ್ಲಿಗೇ ಹೋದೆ ಪ್ರಮೀಳಾ. ಜೆಸಿಬಿ ತಂದು ಎಲ್ಲ ಮಟ್ಟ ಮಾಡಿದ್ರು. ಬೇಲಿ ಕಿತ್ತಾಕಿ ಕಾಂಪೌಂಡ್ ಕಟ್ಟಿದ್ರು. ಗುರುತಿಗೆ ಇಟ್ಟಿದ್ದ ಕಲ್ಲು ಸಿಗ್ಲಿಲ್ಲ. ನಿನಗೆ ಹೆಂಗೆ ಹೇಳ್ಲಿ? ಅದಕ್ಕೇ ಆ ಮನೆಗೆ ಹೋಗಾಕೆ ಶುರು ಮಾಡ್ದೆ. ಕೊಂಡಿಯಾದ್ರೂ ಐತಲ್ಲ."

ಅವಳು ಕೈಕಾಲು ತೊಳೆದು ಬಂದಳು. ಇಬ್ಬರೂ ಊಟ ಮಾಡಿದರು. ತಟ್ಟೆ ಎತ್ತುವಾಗ ಅವನು, "ಇದ್ದಿದ್ರೆ ಈಗ ಒಂಬತ್ತು" ಎಂದ.

"ಹತ್ತು" ಎಂದಳು. "ಶ್ರಾವಣಕ್ಕೇ ತುಂಬಿತು."

"ಹೌದಲ್ಲ. ಹತ್ತು."

ಹದಿನೈದು ದಿನ ಬಿಟ್ಟು ಅವನು ರಜೆ ಹಾಕಿ ಅವಳನ್ನು ಮಣ್ಣು ಮಾಡಿದ ಜಾಗಕ್ಕೆ ಕರೆದುಕೊಂಡು ಹೋದ. ಸೂರಗೊಂಡನಕೊಪ್ಪದ ರಸ್ತೆಯ ಬದಿ, ನಾಲ್ಕೂ ಕಡೆ ಸಿಮೆಂಟಿನ ಗೋಡೆ, ಒಳಗೆ ಒಣಹುಲ್ಲು. ಸತೀಶ ಗೇಟಿನಿಂದ ಹೆಜ್ಜೆ ಎಣಿಸಿಕೊಂಡು ಹೋಗಿ ಒಂದು ಕಡೆ ನಿಂತ. ತಲೆಯಾಡಿಸಿದ. ಮತ್ತೆ ಗೇಟಿಗೆ ಬಂದು ಎಣಿಸಿದ. ಈ ಸಲ ಹತ್ತು ಮಾರು ಆಚೆ ನಿಂತ.

"ಅಲ್ಲೋ, ಇಲ್ಲೋ. ಗೊತ್ತಾಗ್ತಿಲ್ಲ" ಎಂದ.

ಪ್ರಮೀಳಾ ಎರಡೂ ಜಾಗ ನೋಡಿದಳು. ಎರಡರಲ್ಲೂ ಒಂದೇ ಹುಲ್ಲು, ಒಂದೇ ಕೆಂಪು ಮಣ್ಣು. ಅವಳು ನಡುವೆ ಒಂದು ಕಡೆ ಹೋಗಿ ಚಪ್ಪಲಿ ಬಿಟ್ಟು ನಿಂತಳು.

"ಇಲ್ಲೇ ಅಂತ ಇಟ್ಕಳಾಣ ಬರ್ರಿ" ಎಂದಳು.

ಅವನು ಬಂದು ಪಕ್ಕದಲ್ಲಿ ನಿಂತ. ಬಿಸಿಲೇರಿ ಅವಳ ಅಂಗಾಲು ಸುಡತೊಡಗಿತು. ಆದರೂ ಬಸ್ಸಿನ ಹೊತ್ತಾಗುವ ತನಕ ಇಬ್ಬರೂ ಅಲ್ಲೇ ನಿಂತಿದ್ದರು.