ಭಾನುವಾರದ ಗುಂಯ್

ಪೀಟರ್ ಬಹರೈನಿನ ಹೋಟೆಲೊಂದರಲ್ಲಿ ಇಪ್ಪತ್ತು ವರ್ಷ ನುಡಿಸಿದ ಎಲೆಕ್ಟ್ರಿಕ್ ಪಿಯಾನೋ ಅದು. ಅವರು ತೀರಿಕೊಂಡ ಮೇಲೆ ಮಗಳು ಇಮೆಲ್ಡಾ ಅದನ್ನು ಕಾಪುವಿನ ಹತ್ತಿರದ ತಮ್ಮ ಸಣ್ಣ ಇಗರ್ಜಿಗೆ ಕೊಟ್ಟು, ಭಾನುವಾರದ ಪೂಜೆಗೆ ತಾನೇ ನುಡಿಸುತ್ತಿದ್ದಳು. ಹನ್ನೊಂದು ವರ್ಷ ಒಂದು ಕೆಮ್ಮೂ ಇರಲಿಲ್ಲ. 2004ರ ಈಸ್ಟರಿನಂದೇ, ಒಳಗೆ ಕಣಜ ಹೊಕ್ಕ ಹಾಗೆ 'ಗುಂಯ್' ಶುರುವಾಯಿತು. ಬೆರಳಿಡದಿದ್ದರೂ ಗುಂಯ್.

"ಈ ತಿಂಗಳಲ್ಲಿ ಸರಿಯಾಗದಿದ್ದರೆ ಹೊಸ ಕೀಬೋರ್ಡ್ ತರಿಸುವ. ಬಟನ್ ಒತ್ತಿದರೆ ತಾಳವೂ ಅದೇ ಹಾಕುತ್ತದೆ. ನುಡಿಸಲಿಕ್ಕೆ ಯುವಜನರಿದ್ದಾರೆ" ಎಂದರು ಫಾದರ್.

ಆರು ದಿನ ಒಲೆ, ಹಟ್ಟಿ, ಮಕ್ಕಳ ಪಾಠ. ಏಳನೆಯ ದಿನದ ಆ ಒಂದು ಗಂಟೆ ಮಾತ್ರ ಇಮೆಲ್ಡಾಳದು. ಅದೂ ಹೋಗುವುದರಲ್ಲಿತ್ತು.

ಮಂಗಳವಾರ ಉಡುಪಿಯಿಂದ ರೇಡಿಯೋ ರಿಪೇರಿಯ ಪರಮಾನಂದ ಬಂದ. ಮುಚ್ಚಳ ತೆಗೆದರೆ ಸಾಲಾಗಿ ತೆಳು ಸರಳುಗಳು. ಪ್ರತಿ ಸರಳಿನ ಮುಂದೆ ಅದರ ನಡುಕವನ್ನು ಹಿಡಿಯುವ, ತಂತಿ ಸುತ್ತಿದ ಒಂದು ಪುಟ್ಟ ಕಾಯಿಲ್.

"ಉಪ್ಪುಗಾಳಿ ಬಾಯಮ್ಮ! ಸೇಫ್ಟಿ ಪಿನ್ನನ್ನೇ ಬಿಡುವುದಿಲ್ಲ, ಇದನ್ನು ಬಿಡುತ್ತದಾ?"

ತುಕ್ಕು ಉಜ್ಜಿದ, ಹಳೆಯ ವಯರು ಬದಲಿಸಿದ, ಅರ್ತ್ ವಯರನ್ನು ಹೊಸದಾಗಿ ಬೆಸೆದ. ಸ್ವಿಚ್ ಹಾಕಿದರೆ ಸದ್ದೇ ಇಲ್ಲ. ಭಾನುವಾರ ಪೂಜೆಯಲ್ಲಿ ಮತ್ತೆ ಗುಂಯ್! ಮುಂದಿನ ವಾರವೂ ಅದೇ ಕಥೆ.

"ನಿಮ್ಮ ಪಿಯಾನೋಗೆ ಭಾನುವಾರ ರಜೆ ಬೇಕೋ ಎಂತದೋ" ಎಂದು ಪರಮಾನಂದ ನಕ್ಕ. ಇಮೆಲ್ಡಾ ನಗಲಿಲ್ಲ. ಅಳುವ ಮಗುವಿನ ಹೊಟ್ಟೆಯನ್ನು ಅಲ್ಲಲ್ಲಿ ಒತ್ತಿ ನೋಡಿ ನೋವು ಹುಡುಕಿದವಳು ಅವಳು.

"ಮಂಗಳವಾರ ಇಲ್ಲದ್ದು ಭಾನುವಾರ ಇಲ್ಲಿ ಎಂತ ಉಂಟು? ಶನಿವಾರ ಬನ್ನಿ. ಎಲ್ಲವನ್ನೂ ಉರಿಸಿ, ಒಂದೊಂದೇ ಆರಿಸುವ."

ಶನಿವಾರ ಸಂಜೆ ಅವನು ಸ್ವಿಚ್ ಬೋರ್ಡಿನ ಬಳಿ ನಿಂತ, ಅವಳು ಪಿಯಾನೋಗೆ ಕಿವಿ ಕೊಟ್ಟು ಕುಳಿತಳು. ಫ್ಯಾನುಗಳು ನಿಂತವು, ಗುಂಯ್ ನಿಲ್ಲಲಿಲ್ಲ. ಮೈಕು, ಟ್ಯೂಬ್‌ಲೈಟುಗಳು ಆರಿದವು, ಆಗಲೂ ಇಲ್ಲ. ಉಳಿದದ್ದು ಪಿಯಾನೋದ ಪಕ್ಕದಲ್ಲೇ ಮರಿಯಮ್ಮನವರ ಪ್ರತಿಮೆಯ ಸುತ್ತ ಉರಿಯುವ ನೀಲಿ ದೀಪದ ಬಳೆ. ಭಾನುವಾರ ಮಾತ್ರ ಹಾಕುವಂಥದ್ದು. ಅದನ್ನು ಆರಿಸಿದ. ಗುಂಯ್ ಕತ್ತರಿಸಿದ ಹಾಗೆ ನಿಂತಿತು. ಮತ್ತೆ ಹಾಕಿದ, ಗುಂಯ್.

"ಸಿಕ್ಕಿತು! ಪ್ರತಿಮೆಯ ಪೀಠದೊಳಗಿರುವ ಟ್ರಾನ್ಸ್‌ಫಾರ್ಮರಿನ ಕರೆಂಟಿನ ಕಂಪನವನ್ನು ಈ ಕಾಯಿಲುಗಳು ಎಳೆದುಕೊಳ್ಳುತ್ತವೆ. ಪಿಯಾನೋಗೆ ಎಂತದೂ ಆಗಲಿಲ್ಲ ಬಾಯಮ್ಮ!"

ಆದರೆ ಇಮೆಲ್ಡಾಳ ಕಣ್ಣು ದೀಪದ ಕೆಳಗಿನ ಅಕ್ಷರಗಳ ಮೇಲೆ ನಿಂತಿತ್ತು. 'ದಿವಂಗತ ಆಲಿಸ್ ಅವರ ಸ್ಮರಣಾರ್ಥ, ಮಗ ರೊಸಾರಿಯೊ'. ರಜೆಗೆ ಬಂದಿರುವ ಅವಳ ಗಂಡ ದುಬೈಯಿಂದ ತನ್ನ ತಾಯಿಯ ಹೆಸರಿನಲ್ಲಿ ಈ ಸಲದ ಈಸ್ಟರಿಗೆಂದು ತಂದುಕೊಟ್ಟ ದೀಪ.

ಮನೆಯಲ್ಲಿ ರೊಸಾರಿಯೊಗೆ ಬಡಿಸುತ್ತಾ ಮೆಲ್ಲಗೆ ಹೇಳಿದಳು. "ಹಾಡುವಾಗ ಮಾತ್ರ ಆರಿಸಿದರೆ ಸಾಕು. ನಾಲ್ಕೇ ಹಾಡು."

"ಅಮ್ಮನ ದೀಪವನ್ನಾ? ಪೂಜೆಯ ನಡುವೆ? ಸೊಸೆ ಅತ್ತೆಯ ದೀಪ ಆರಿಸಿದಳು ಅಂತ ಊರಿಡೀ ಹೇಳುತ್ತದೆ, ಗೊತ್ತುಂಟಾ?"

"ಹಾಗಾದರೆ ಪಿಯಾನೋವನ್ನು ಆಚೆ ಬದಿಗೆ..."

"ಆಚೆ ಪಾಪನಿವೇದನೆಯ ಪೀಠ ಉಂಟು. ಅದನ್ನೂ ನಿನ್ನ ಅಪ್ಪನಿಗೋಸ್ಕರ ಕೀಳಿಸುವುದಾ?" ಅವನು ತಟ್ಟೆ ದೂಡಿದ. "ಬದುಕಿರುವಾಗ ಅಮ್ಮನನ್ನು ನೋಡಿಕೊಂಡ ಚಂದ ಸಾಲದಾ ನಿನಗೆ?"

ಎಂಟು ವರ್ಷ ಹಾಸಿಗೆ ಹಿಡಿದ ಅತ್ತೆಯ ಬಟ್ಟೆ ಒಗೆದವಳು ಇಮೆಲ್ಡಾ. ಅವಳು ತಟ್ಟೆ ಎತ್ತಿಕೊಂಡು ಒಳಗೆ ಹೋದಳು.

ಮರುದಿನ ಪೂಜೆ ಮುಗಿದ ಮೇಲೆ ಫಾದರ್ ಎಲ್ಲರೆದುರು ಕೇಳಿದರು. "ಎಂತ ಇಮೆಲ್ಡಾ ಬಾಯಿ, ಇವತ್ತೂ ಸದ್ದು. ಎಂತದು ಅಂತ ಸಿಕ್ಕಿತಾ?"

ನಿನ್ನೆ ಬಿಟ್ಟುಹೋದ ಸಾಮಾನು ಒಯ್ಯಲು ಬಂದಿದ್ದ ಪರಮಾನಂದ ಬಾಗಿಲಲ್ಲಿ ನಿಂತಿದ್ದ. ರೊಸಾರಿಯೊ ದೀಪದ ಬಳಿ ಕೈಕಟ್ಟಿ ನಿಂತಿದ್ದ.

"ಪಿಯಾನೋ ಹಾಳಾಗಿದೆ, ಫಾದರ್" ಎಂದಳು ಇಮೆಲ್ಡಾ. "ಇನ್ನು ಸರಿಯಾಗುವುದಿಲ್ಲ."

"ಹಳೆಯದಲ್ವಾ, ಪಾಪ" ಎಂದು ಮುಂದಿನ ಬೆಂಚಿನ ಒಲಿಂಡಾ ಬಾಯಿ ಅವಳ ಭುಜ ಸವರಿದಳು. ಯುವಜನರು ಆಗಲೇ ಕೀಬೋರ್ಡಿನ ಬಣ್ಣದ ಮಾತಿಗಿಳಿದಿದ್ದರು. ರೊಸಾರಿಯೊ ಹೊರಗೆ ಹೋಗಿ ಸ್ಕೂಟರ್ ಚಾಲೂ ಮಾಡಿದ.

ಪರಮಾನಂದ ಇಕ್ಕಳ, ಸ್ಕ್ರೂಡ್ರೈವರ್‌ಗಳನ್ನು ಚೀಲಕ್ಕೆ ಹಾಕಿಕೊಂಡ.

"ಅಂದರೆ ನನಗೆ ರಿಪೇರಿ ಬರುವುದಿಲ್ಲ ಅಂತ ಆಯಿತಲ್ವಾ, ಬಾಯಮ್ಮ?"

ಇಮೆಲ್ಡಾ ಪಿಯಾನೋದ ಪ್ಲಗ್ ಕಿತ್ತು ವಯರು ಸುತ್ತತೊಡಗಿದಳು. ಹೊರಗೆ ಸ್ಕೂಟರಿನ ಹಾರ್ನ್ ಎರಡು ಸಲ ಕೂಗಿತು.