ಭಾನುವಾರ ಕಟ್ಟುವ ಬೇಲಿ

ಬಲಗೈ ಬಗ್ಗುತ್ತಿರಲಿಲ್ಲ. ಮಗಳು ಒಂದು ಕೈಯನ್ನು ಅಮ್ಮನ ಭುಜದಡಿ ಕೊಟ್ಟು ಮೇಲೆತ್ತಿ, ಇನ್ನೊಂದರಿಂದ ಅಂಗಿಯನ್ನು ಎಳೆಯುತ್ತಿದ್ದಳು. ಬ್ಯಾಂಡೇಜು ಸುತ್ತಿದ ಕೈ ಅಂಗಿಯ ಉದ್ದ ತೋಳಿನೊಳಗೆ ಅರ್ಧಕ್ಕೇ ಸಿಕ್ಕಿಕೊಂಡು ಮುಂದೆ ಹೋಗಲೊಲ್ಲದು. ಅಂಗಿ ಅಮ್ಮನದಲ್ಲ, ತಮ್ಮನ ಹೆಂಡತಿಯದು. ಅಮ್ಮನ ಬೀರುವಿನಲ್ಲಿ ತುಂಬುತೋಳಿನದು ಒಂದೂ ಇರಲಿಲ್ಲ. ಜೀವಮಾನವೆಲ್ಲ ಬೇಕರಿಯಲ್ಲಿ ಹಿಟ್ಟು ನಾದಿದವಳಿಗೆ ಮೊಣಕೈ ದಾಟುವ ಬಟ್ಟೆ ಕಂಡರೇ ಆಗುತ್ತಿರಲಿಲ್ಲ. ಚಳಿಯಲ್ಲಿ ಸ್ವೆಟರ್ ಹಾಕಿದರೂ ತೋಳು ಮಡಚಿಯೇ ಇರುತ್ತಿತ್ತು.

ತಮ್ಮನ ಹೆಂಡತಿ ಬಾಗಿಲ ಹತ್ತಿರ ಒಂದು ಶಾಲು ಹಿಡಿದು ನಿಂತಿದ್ದಳು.

"ಇದನ್ನ ಕುತ್ತಿಗೆಗೆ ಸುತ್ತಿಬಿಡಿ ಅತ್ತಿಗೆ. ಜನ ಬರೋ ಹೊತ್ತಾಯ್ತು."

ಮಗಳು ಶಾಲು ಇಸಿದುಕೊಂಡಳು. ಹಿತ್ತಲಿನಲ್ಲಿ ನಾಯಿ ಬೊಗಳುತ್ತಲೇ ಇತ್ತು. ಸರಪಳಿ ಸರ್ರನೆ ಎಳೆದು, ಕೊನೆಗೆ ಬಂದು ಜಗ್ಗಿ ನಿಲ್ಲುವ ಸದ್ದು. ಒಂದು ಗಳಿಗೆ ಬಿಟ್ಟು ಮತ್ತೆ ಅದೇ. ಬೆಳಗಿನಿಂದ ಅದಕ್ಕೆ ಯಾರೂ ಅನ್ನ ಹಾಕಿರಲಿಲ್ಲ. ಹಾಕುತ್ತಿದ್ದವಳು ಇಲ್ಲಿ ಮಲಗಿದ್ದಳು.

ಶಾಲು ಸುತ್ತಿದ ಮೇಲೆ ಕುತ್ತಿಗೆಯ ಬ್ಯಾಂಡೇಜು ಪಟ್ಟಿ ಕಾಣಲಿಲ್ಲ, ಕೈಯ ಪಟ್ಟಿ ಕಾಣಲಿಲ್ಲ. ನಿದ್ದೆ ಹೋದ ಯಾರೋ ದೂರದ ನೆಂಟರಂತೆ ಕಂಡಳು ಅಮ್ಮ.

ಜನ ಬರತೊಡಗಿದರು. ತಮ್ಮ ನಡುಮನೆಯ ಬಾಗಿಲಲ್ಲಿ ನಿಂತು ಬಂದವರಿಗೆಲ್ಲ ಒಂದೇ ಮಾತು ಒಪ್ಪಿಸುತ್ತಿದ್ದ. ಹಿತ್ತಲ ಮೆಟ್ಟಿಲಲ್ಲಿ ಕಾಲು ಜಾರಿತು, ಕಿಟಕಿಯ ಗಾಜಿನ ಮೇಲೆ ಬಿದ್ದರು, ಆಮೇಲೆ ಗಾಯಕ್ಕೆ ನಂಜೇರಿತು. ಅವನಿಗೆ ಟೈರಿನ ಅಂಗಡಿ. ಸವೆದ ಟೈರನ್ನು ಹೊಸದೆಂದು ನಂಬಿಸುವಾಗ ಬರುವ ತಗ್ಗಿದ ದನಿಯೇ ಈಗಲೂ ಬಂದಿತ್ತು. ಕೇಳಿದವರು ತಲೆಯಾಡಿಸಿ ಒಳಗೆ ಬಂದು ಕುಳಿತರು. ಬೇಕರಿಯ ಒಲೆ ನೋಡಿಕೊಳ್ಳುವ ಮುದುಕ ಮಾತ್ರ ತಲೆಯಾಡಿಸಲಿಲ್ಲ.

"ನಮ್ಮ ಬ್ರೆಡ್ಡಮ್ಮ ಜಾರಿ ಬೀಳೋದಾ?" ಎಂದ. "ಎಣ್ಣೆ ಚೆಲ್ಲಿದ ನೆಲದ ಮೇಲೆ ಹಿಟ್ಟಿನ ಮೂಟೆ ಹೊತ್ಕೊಂಡು ಓಡಾಡ್ದೋಳು ಅವಳು. ಬಿದ್ದೋನು ನಾನು. ಎಬ್ಬಿಸ್ದೋಳು ಅವಳು."

ಯಾರೋ ಮೆಲ್ಲಗೆ ನಕ್ಕು, ನಕ್ಕಿದ್ದಕ್ಕೆ ನಾಚಿದರು. ಹಿತ್ತಲಿನಿಂದ ಬೊಗಳು ಕೇಳಿತು. ಒಂದಿಬ್ಬರು ಆ ಕಡೆ ತಿರುಗಿ, ಮತ್ತೆ ನೆಲ ನೋಡಿದರು. ಬೀದಿಯವರಿಗೆ ನಾಯಿ ಗೊತ್ತಿತ್ತು. ಗೊತ್ತಿದ್ದೂ ಸುಮ್ಮನಿದ್ದರು. ಮಗಳ ಮೈ ಉರಿದದ್ದು ಅದಕ್ಕೇ. ಆದರೆ ಅವಳೂ ಸುಮ್ಮನೆಯೇ ಕುಳಿತಿದ್ದಳು. ಸುಮ್ಮನಿರಬೇಕೆಂದು ಅಮ್ಮನೇ ಹೇಳಿ ಹೋಗಿದ್ದಳು.

*

ಅಂಗಡಿಯ ಹಿಂದಿನಿಂದ ಯಾರೋ ಟೈರು ಕದ್ದರೆಂದು ತಮ್ಮ ಆ ನಾಯಿಯನ್ನು ತಂದಿದ್ದ. ಆಗ ಅದು ಅಂಗೈಯಲ್ಲಿ ಹಿಡಿಯುವಷ್ಟು ಮರಿ. ದೊಡ್ಡದಾದರೆ ಕರುವಿನಷ್ಟಾಗುತ್ತದೆ ಎಂದು ಹೆಮ್ಮೆಯಿಂದ ಹೇಳಿಕೊಂಡಿದ್ದ. ಬುಲೆಟ್ ಎಂದು ಹೆಸರಿಟ್ಟ. ಅಂಗಡಿಯಲ್ಲಿ ಗಿರಾಕಿಗಳು ಹೆದರುತ್ತಾರೆಂದು ಕೆಲವೇ ತಿಂಗಳಲ್ಲಿ ಮನೆಯ ಹಿತ್ತಲಿಗೆ ತಂದು ಕಂಬಕ್ಕೆ ಕಟ್ಟಿದ. ಸಂಜೆ ಗೆಳೆಯರು ಬಂದರೆ ಕೋಲಿನಿಂದ ತಿವಿದು ಅದರ ಆರ್ಭಟ ತೋರಿಸುತ್ತಿದ್ದ. ಅದು ಹಲ್ಲು ಕಿರಿದಷ್ಟೂ ಇವನು ಹಿಗ್ಗುತ್ತಿದ್ದ. ತಿರುಗಾಡಿಸಿದ್ದಿಲ್ಲ, ಒಂದು ಮಾತು ಕಲಿಸಿದ್ದಿಲ್ಲ. ಅನ್ನ ನೀರು ಅಮ್ಮನ ಪಾಲಿಗೆ ಬಂತು. ಅವಳಿಗೆ ಅದು ಬುಲೆಟ್ ಅಲ್ಲ, ಮರಿ.

ಹೋದ ಬೇಸಿಗೆಯಲ್ಲಿ ಒಂದು ದಿನ ತಮ್ಮ ಗೇಟು ಹಾಕದೆ ಬಿಟ್ಟಿದ್ದ. ಸರಪಳಿಯ ಕೊಂಡಿ ಸವೆದಿದೆ, ಬದಲಾಯಿಸು ಎಂದು ಅಮ್ಮ ಹೇಳಿ ಹೇಳಿ ಸಾಕಾಗಿದ್ದಳು. ಅವನು ಕಿವಿಯ ಮೇಲೆ ಹಾಕಿಕೊಂಡಿರಲಿಲ್ಲ. ಆ ಕೊಂಡಿ ಮುರಿದು ನಾಯಿ ಬೀದಿಗೆ ಹಾರಿ ಪಕ್ಕದ ಮನೆಯ ಪೇಂಟರನ ಮಗಳ ಮೀನಖಂಡಕ್ಕೆ ಬಾಯಿ ಹಾಕಿತು. ಅಮ್ಮ ಓಡಿಹೋಗಿ ಅದರ ದವಡೆಯೊಳಗೆ ಎರಡೂ ಕೈಯ ಬೆರಳು ತೂರಿಸಿ ಬಿಡಿಸಿದಳಂತೆ. ಮಗುವನ್ನು ತಾನೇ ಎತ್ತಿಕೊಂಡು ಆಸ್ಪತ್ರೆಗೆ ಹೋದಳು. ಪ್ರತಿ ಸೂಜಿಗೂ ತಾನೇ ಹೋಗಿ, ಅದನ್ನು ತೊಡೆಯ ಮೇಲೆ ಕೂರಿಸಿಕೊಂಡಳು.

ಪೇಂಟರ್ ಕೂಗಾಡುತ್ತ ಬಂದಾಗ ತಮ್ಮ ಅವನಿಗಿಂತ ಜೋರಾಗಿ ಕೂಗಿದ. ಹುಡುಗಿ ಕಲ್ಲು ಎಸೆದಿರಬೇಕು ಎಂದ. ನಾಯಿ ಅಂದಮೇಲೆ ಕಚ್ಚದೆ ಇರುತ್ತದಾ ಎಂದ. ಬೀದಿಯ ನಡುವೆ ನಿಂತು ಕ್ಷಮೆ ಕೇಳಿದವಳು ಅಮ್ಮ. ನಗರಸಭೆಯವರು ಬಂದು, ಹಿತ್ತಲಲ್ಲಿ ಎತ್ತರದ ಬೇಲಿ ಕಟ್ಟಿ ನಾಯಿಯನ್ನು ಅದರೊಳಗೆ ಬಿಡಬೇಕು, ಹೊರಗೆ ತಂದರೆ ಬಾಯಿಗೆ ಕುಕ್ಕೆ ಹಾಕಬೇಕು ಎಂದು ಹೇಳಿ ಹೋದರು. ತಮ್ಮ ತಂತಿ ಜಾಲರಿಯ ಒಂದು ಸುರುಳಿ ತಂದು ಗೋಡೆಗೆ ಒರಗಿಸಿದ. ಭಾನುವಾರ ಕಟ್ಟುತ್ತೇನೆ ಎಂದ.

ಮಗಳು ಬಂದಾಗಲೆಲ್ಲ ಸುರುಳಿ ಅಲ್ಲೇ ಇರುತ್ತಿತ್ತು. ಬಳ್ಳಿಯೊಂದು ಅದರ ಮೇಲೆ ಹಬ್ಬತೊಡಗಿತ್ತು. ಅವಳು ಸಿಟಿ ಬಸ್ಸಿನ ಡ್ರೈವರ್. ರಜೆ ಸಿಕ್ಕ ದಿನ ಅಮ್ಮನನ್ನು ನೋಡಲು ಬರುವಳು. ಒಮ್ಮೆ ತಮ್ಮನನ್ನು ತಡೆದು ನಿಲ್ಲಿಸಿ ಕೇಳಿದ್ದಕ್ಕೆ, ಅಕ್ಕ ಮನೆಯಲ್ಲೂ ಹಾರನ್ ಬಾರಿಸ್ತಾಳೆ ಎಂದು ನಕ್ಕು ಹೊರಟುಹೋದ. ಅವಳು ಅಮ್ಮನ ಮೇಲೆ ಹರಿಹಾಯ್ದಳು. ನೀನು ಅವನನ್ನು ಹೊತ್ತುಕೊಂಡೇ ಇರುವುದರಿಂದ ಅವನಿಗೆ ಕಾಲು ಬಂದಿಲ್ಲ ಎಂದಳು.

ಅಮ್ಮ ನಾಯಿಯ ತಟ್ಟೆ ತೊಳೆಯುತ್ತಿದ್ದಳು. "ಅದ್ರದ್ದೇನು ತಪ್ಪು ಹೇಳು. ಕಟ್ಟಿ ಹಾಕಿ ಮರೆತುಬಿಟ್ರೆ ಮನುಷ್ಯನಿಗೂ ತಲೆ ಕೆಡುತ್ತೆ."

"ನಾನು ನಾಯಿ ವಿಷಯ ಹೇಳ್ತಿಲ್ಲಮ್ಮ."

"ಭಾನುವಾರ ಕಟ್ತಾನಂತೆ."

*

ಅಮ್ಮನಿಗೆ ಗಾಯವಾದ ಸಂಜೆ ತಮ್ಮನೂ ಹೆಂಡತಿಯೂ ಯಾರದೋ ಮನೆಗೆ ಊಟಕ್ಕೆ ಹೋಗಿದ್ದರು. ಸರಪಳಿ ಕಂಬಕ್ಕೆ ಸುತ್ತಿ ಸುತ್ತಿ ಗಿಡ್ಡವಾಗಿ, ನಾಯಿಯ ಕುತ್ತಿಗೆ ಕಂಬಕ್ಕೆ ಬಿಗಿದುಕೊಂಡಿತ್ತು. ಅದು ಉಸಿರಿಗೆ ಒದ್ದಾಡುತ್ತಿದ್ದದ್ದು ಕೇಳಿ ಅಮ್ಮ ಬಿಡಿಸಲು ಹೋದಳು. ಗೋಡೆಯ ಆಚೆ ಪೇಂಟರ್ ಬ್ರಷ್ ತೊಳೆಯುತ್ತಿದ್ದ. ಅವನಿಗೆ ಮೊದಲು ಕೇಳಿಸಿದ್ದು ಅಮ್ಮ ನಾಯಿಯನ್ನು ಸಮಾಧಾನ ಮಾಡುವ ದನಿ, ಬಿಡಪ್ಪ ಮರಿ, ಬಿಡು ಎಂದು. ಆಮೇಲೆ ಬೇರೆ ಥರದ ದನಿ. ಅವನು ಏಣಿಯಿಟ್ಟು ಗೋಡೆ ಹಾರಿ, ಅದೇ ಏಣಿಯನ್ನು ನಡುವೆ ತೂರಿಸಿ ನಾಯಿಯನ್ನು ದೂಡಿದ.

ಆಸ್ಪತ್ರೆಯಲ್ಲಿ ಅಮ್ಮ ಬಿದ್ದೆ ಎಂದಳು. ವೈದ್ಯರು ಗಾಯ ನೋಡಿ, ಅವಳ ಮುಖ ನೋಡಿ, ಮತ್ತೊಮ್ಮೆ ಕೇಳಿದರು. ಬಿದ್ದೆ. ಪೇಂಟರನ ಕೈ ಹಿಡಿದುಕೊಂಡು ಅವನಿಂದಲೂ ಮಾತು ತೆಗೆದುಕೊಂಡಳು. ಅವನ ಮಗಳನ್ನು ಹೊತ್ತು ಓಡಿದ ಕೈ ಅದು. ಅವನಿಗೆ ಇಲ್ಲ ಎನ್ನಲಾಗಲಿಲ್ಲ. ಕೊನೆಯ ದಿನ ಜ್ವರದಲ್ಲಿ ಮೈ ಕೆಂಡವಾಗಿದ್ದಾಗ ಮಗಳ ಕಡೆ ತಿರುಗಿ, ಗಾಯಗೊಂಡ ಗಂಟಲಿನಲ್ಲಿ ಹೇಗೋ ಮಾಡಿ ಹೇಳಿದಳು: "ಅವನನ್ನ ಜನ ಬೈತಾರೆ. ನೀನು ಏನೂ ಹೇಳ್ಬೇಡ."

ಮಗಳು ಆಗಲಿ ಎಂದಿದ್ದಳು. ಸಾಯುವವಳ ಮುಂದೆ ಇನ್ನೇನು ಹೇಳಲಿಕ್ಕಾಗುತ್ತದೆ?

*

ಶವದ ಪೆಟ್ಟಿಗೆ ಬಂತು. ಅಮ್ಮನನ್ನು ಅದರಲ್ಲಿ ಮಲಗಿಸಿದರು. ಮಗಳು ಕುಡಿಯಲು ನೀರು ತರಲೆಂದು ಅಡಿಗೆಮನೆಗೆ ಹೋದಾಗ, ಹಿಂದಿನ ಓಣಿಯಲ್ಲಿ ತಮ್ಮನೂ ಅವನ ಅಂಗಡಿಯ ಗೆಳೆಯನೂ ನಿಂತಿದ್ದರು. ಕಿಟಕಿ ತೆರೆದೇ ಇತ್ತು. ಗೆಳೆಯ ನಾಯಿಯ ಗತಿ ಏನೆಂದು ಕೇಳಿದ.

"ನಾಳೆ ಅಂಗಡಿ ಹಿಂದಕ್ಕೆ ಸಾಗಿಸ್ತೀನಿ. ಇಂಥ ತಳಿ ಮತ್ತೆ ಸಿಗಲ್ಲ ಕಣೋ," ಎಂದ ತಮ್ಮ. "ಅಮ್ಮನೂ ಅಷ್ಟೆ. ಹತ್ರ ಹೋಗ್ಬೇಡ ಅಂದ್ರೆ ಕೇಳ್ತಿರಲಿಲ್ಲ."

ಮಗಳು ಲೋಟವನ್ನು ಕಟ್ಟೆಯ ಮೇಲಿಟ್ಟಳು. ಅಂಗಡಿಯ ಹಿಂದಿನ ಬಯಲು ಅವಳಿಗೆ ಗೊತ್ತಿತ್ತು. ದಿನಾ ಅವಳ ಬಸ್ಸು ಅದರ ಪಕ್ಕದಲ್ಲೇ ಹಾದುಹೋಗುತ್ತದೆ. ಬೇಲಿಯಿಲ್ಲ, ಗೋಡೆಯಿಲ್ಲ. ಶಾಲೆ ಬಿಟ್ಟ ಮಕ್ಕಳು ಸುತ್ತು ತಪ್ಪಿಸಲು ಅದನ್ನೇ ಅಡ್ಡ ಹಾಯುತ್ತಾರೆ.

ಅವಳು ನಡುಮನೆಗೆ ಬಂದು ಪೆಟ್ಟಿಗೆಯ ಪಕ್ಕ ಮಂಡಿಯೂರಿದಳು. ಮೊದಲು ಶಾಲು ತೆಗೆದಳು. ಆಮೇಲೆ ಅಂಗಿಯ ಬಲತೋಳಿನ ಗುಂಡಿ ಬಿಚ್ಚಿ, ಮಡಿಕೆಯ ಮೇಲೆ ಮಡಿಕೆ ಹಾಕುತ್ತ ಮೊಣಕೈ ಮೇಲಕ್ಕೆ ಏರಿಸಿದಳು. ಎಡತೋಳನ್ನೂ ಹಾಗೆಯೇ. ಪಟ್ಟಿ ಮುಚ್ಚದೆ ಉಳಿದ ಚರ್ಮದ ಮೇಲೆ ಕಪ್ಪುಗಟ್ಟಿದ ಹಲ್ಲಿನ ಗುರುತುಗಳಿದ್ದವು. ಗಾಜು ಹಾಗೆ ಕೊಯ್ಯುವುದಿಲ್ಲ ಎಂಬುದು ಯಾರಿಗಾದರೂ ತಿಳಿಯುವಂತಿತ್ತು.

ತಮ್ಮನ ಹೆಂಡತಿ ಓಡಿಬಂದು ಶಾಲು ಎತ್ತಿಕೊಳ್ಳಹೋದಳು. ಮಗಳು ಅದರ ಮೇಲೆ ಮಂಡಿ ಊರಿ ಕುಳಿತಿದ್ದಳು.

"ಅಮ್ಮ ಜಾರಿ ಬೀಳ್ಲಿಲ್ಲ," ಎಂದಳು. ಕೂಗಲಿಲ್ಲ. ಬಸ್ಸಿನ ಕೊನೆಯ ಸೀಟಿಗೂ ಕೇಳುವಂತೆ ಮಾತಾಡಿ ಅಭ್ಯಾಸವಾದ ದನಿ ಅದು. "ಇವನ ನಾಯಿ ಕಚ್ಚಿ ಸತ್ಲು."

ಹಿರಿಯನೆಂದು ಮುಂದೆ ಕುಳಿತಿದ್ದ ಸೋದರಮಾವ ಗಂಟಲು ಸರಿಮಾಡಿಕೊಂಡ. ಮನೆಯ ಮಾತು ಮನೆಯಲ್ಲೇ ಇರಲಿ, ಸತ್ತವಳ ಮುಂದೆ ಇದೆಲ್ಲ ಬೇಡ ಎಂದ. ಅವಳು ಅವನ ಕಡೆ ತಿರುಗಲಿಲ್ಲ. ತಮ್ಮ ಬಾಗಿಲಲ್ಲಿ ಬಂದು ನಿಂತಿದ್ದ, ಮುಖ ಸುಣ್ಣದಂತಾಗಿತ್ತು.

"ಪ್ರಾಣಿ ಸ್ವಭಾವ ಅಕ್ಕ ಅದು. ನಾನೇನು ಕಚ್ಚು ಅಂತ ಹೇಳಿದ್ನಾ?"

"ನನ್ನ ಬಸ್ಸು ಯಾರ ಮೇಲಾದ್ರೂ ಹತ್ತಿದ್ರೆ, ಬಸ್ಸಿನ ಸ್ವಭಾವ ಅಂತೀನಾ? ಬ್ರೇಕ್ ಹಿಡೀತಿಲ್ಲ ಅಂತ ದಿನಾ ಹೇಳ್ತಾ ಇದ್ದೋಳನ್ನೇ ಸಾಯಿಸಿ, ಅವಳೇ ಅಡ್ಡ ಬಂದ್ಲು ಅಂತೀನಾ?"

ಮೂಲೆಯಲ್ಲಿ ಕುಳಿತಿದ್ದ ಹೆಂಗಸೊಬ್ಬಳು, ಎದುರು ಮನೆಯವಳು, ತನ್ನ ಗಂಡನಿಗೂ ಅದು ಒಮ್ಮೆ ಬಾಯಿ ಹಾಕಿತ್ತು, ನೆರೆಯವರೆಂದು ಹೇಳಲಿಲ್ಲ ಎಂದು ಯಾರಿಗೂ ಅಲ್ಲದಂತೆ ಹೇಳಿದಳು. ದಿನಸಿ ತಂದುಕೊಡುವವನು ತನಗೂ ಎಂದ. ಮಗಳು ಅವರನ್ನೂ ಬಿಡಲಿಲ್ಲ. ಹೇಳಬೇಕಾಗಿದ್ದಾಗ ಎಲ್ಲರ ನಾಲಿಗೆ ಎಲ್ಲಿ ಹೋಗಿತ್ತು ಎಂದು ಕೇಳಿದಳು.

ಪೆಟ್ಟಿಗೆ ಎತ್ತುವ ಹೊತ್ತು. ತಮ್ಮ ಬಾಗಿಲು ಬಿಟ್ಟು ತಲೆಯ ಕಡೆಗೆ ಬಂದ. ಹಿಡಿಕೆಯ ಮೇಲೆ ಅವನು ಕೈಯಿಟ್ಟ ಕೂಡಲೇ ಮಗಳು ಆ ಕೈಯನ್ನು ತೆಗೆದು ಪಕ್ಕಕ್ಕಿಟ್ಟಳು, ಬೇರೆಯವರ ಸಾಮಾನನ್ನು ಎತ್ತಿಡುವಂತೆ.

"ನೀನು ಹಿಂದೆ ಬಾ."

ಆಮೇಲೆ ಅವಳು ಹೊರಗೆ ಹೋದಳು. ಗೇಟಿನ ಆಚೆ, ಒಳಗೆ ಬರಲೂ ಆಗದೆ ಹೋಗಲೂ ಆಗದೆ, ಪೇಂಟರ್ ನಿಂತಿದ್ದ. ಅವನ ಪುಟ್ಟ ಮಗಳು ಪಕ್ಕದಲ್ಲಿದ್ದಳು. ನಾಯಿ ಕಚ್ಚಿದ ದಿನದಿಂದ ಈ ಗೇಟಿನ ಹತ್ತಿರ ಸುಳಿಯದ ಹುಡುಗಿ, ಅಪ್ಪನ ಅಂಗಿಯ ತುದಿಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಿದ್ದಳು. ಅಮ್ಮನಿಗೆ ಕೊಟ್ಟ ಮಾತು ಮುಗಿಯಿತು, ನೀವಿನ್ನು ಸುಮ್ಮನಿರಬೇಕಾಗಿಲ್ಲ ಎಂದು ಇವಳು ಅವನಿಗೆ ಹೇಳಿದಳು. ಅವನು ಒಳಗೆ ಬಂದು ತಲೆಯ ಕಡೆಯ ಹಿಡಿಕೆ ಹಿಡಿದ. ಇನ್ನೊಂದು ಬದಿಗೆ ಅವಳೇ ನಿಂತಳು. ಕಾಲ ಕಡೆಗೆ ಒಲೆಯ ಮುದುಕ, ಯಾರು ಬೇಡವೆಂದರೂ ಕೇಳದೆ.

*

ಮಣ್ಣು ಮಾಡಿ ಮುಗಿದ ಮೇಲೆ ಸ್ಮಶಾನದ ಬಾಗಿಲಿನಿಂದಲೇ ಅವಳು ನಗರಸಭೆಗೆ ಫೋನ್ ಮಾಡಿದಳು. ತಾನು ಯಾರು, ಸತ್ತವಳು ಯಾರು, ನಾಯಿ ಯಾರದು, ಎಲ್ಲವನ್ನೂ ಬಿಡಿಸಿ ಹೇಳಿದಳು. ಅಮ್ಮನಿಗೆ ಕೊಟ್ಟ ಮಾತು ಮುರಿದದ್ದಕ್ಕೆ ಪಶ್ಚಾತ್ತಾಪವಾಗುತ್ತದೆ ಎಂದುಕೊಂಡಿದ್ದಳು. ಆಗಲಿಲ್ಲ. ಅಮ್ಮನ ಮೇಲೂ ಅವಳಿಗೆ ಸಿಟ್ಟಿತ್ತು. ಮಗನ ತಪ್ಪನ್ನೆಲ್ಲ ಹೊಟ್ಟೆಗೆ ಹಾಕಿಕೊಂಡು ಹಾಕಿಕೊಂಡು, ಕೊನೆಗೆ ತನ್ನ ಸಾವನ್ನೂ ಹಾಕಿಕೊಳ್ಳಲು ಹೊರಟಿದ್ದಳು.

ಸಂಜೆಯ ಹೊತ್ತಿಗೆ ವ್ಯಾನು ಬಂತು. ನಾಯಿ ಹಿಡಿಯಲು ಬಂದವಳು ನಡುವಯಸ್ಸಿನ ಗಟ್ಟಿ ಹೆಂಗಸು. ದಪ್ಪ ಕೈಗವಸು, ತುದಿಯಲ್ಲಿ ಕುಣಿಕೆಯಿದ್ದ ಉದ್ದ ಕೋಲು. ನಾಯಿಗೆ ರೇಬೀಸಿನ ಚುಚ್ಚುಮದ್ದು ಹಾಕಿಸಿದ್ದೀರಾ, ಬಾಯಿಗೆ ಕುಕ್ಕೆ ಹಾಕಿ ಅಭ್ಯಾಸವಿದೆಯಾ, ಹೊರಗೆ ತಿರುಗಾಡಿಸುತ್ತಿದ್ದಿರಾ ಎಂದು ತಮ್ಮನನ್ನು ಕೇಳಿದಳು. ಒಂದೊಂದಕ್ಕೂ ಅವನು ಹೆಂಡತಿಯ ಮುಖ ನೋಡಿದ. ಅತ್ತೆ ನೋಡಿಕೊಳ್ಳುತ್ತಿದ್ದರು ಎಂದಳು ಹೆಂಡತಿ.

"ಸರಿ, ಯಜಮಾನ್ರು ನೀವಲ್ವಾ? ಒಂದ್ಸಲ ಕರೀರಿ. ಸಮಾಧಾನವಾಗಿ ನಿಂತ್ರೆ ಅದಕ್ಕೂ ನೋವಾಗಲ್ಲ."

ತಮ್ಮ ಅಡಿಗೆಮನೆಯ ಬಾಗಿಲನ್ನು ಅರ್ಧ ತೆರೆದು, ಅದರ ಹಿಂದೆ ನಿಂತು ಬುಲೆಟ್ ಎಂದು ಕರೆದ. ಇಡೀ ದಿನ ಬೊಗಳಿದ್ದ ನಾಯಿ ಆ ದನಿಗೆ ನೆಲಕ್ಕೆ ಅಂಟಿಕೊಂಡು, ಕಿವಿ ಹಿಂದಕ್ಕೆ ಮಾಡಿ, ನಿಂತಲ್ಲೇ ಉಚ್ಚೆ ಹೊಯ್ದುಕೊಂಡಿತು. ಕೋಲು ಹಿಡಿದವಳು ತಿರುಗಿ ಅವನನ್ನು ಒಮ್ಮೆ ಮೇಲಿಂದ ಕೆಳಗೆ ನೋಡಿದಳು. ಕುಣಿಕೆ ಹಾಕಿ, ಮೆಲ್ಲಗೆ ಮಾತಾಡಿಸುತ್ತ, ಎಳೆಯದೆ ಕರೆದುಕೊಂಡು ಹೋದಳು.

ವ್ಯಾನಿನ ಸದ್ದು ಬೀದಿಯ ತಿರುವಿನಲ್ಲಿ ಕರಗಿತು. ಮಗಳು ಹಿತ್ತಲಿಗೆ ಇಳಿದಳು. ಕಂಬದ ಸುತ್ತ ಸರಪಳಿ ಮುಟ್ಟುವಷ್ಟು ದೂರ ನೆಲ ಕೈವಾರದಲ್ಲಿ ಎಳೆದಂತೆ ಗುಂಡಗೆ ಬೋಳಾಗಿತ್ತು. ಅದರ ಅಂಚಿನಿಂದಾಚೆ ಮೊಣಕಾಲುದ್ದ ಹುಲ್ಲು. ಆ ಹುಲ್ಲನ್ನು ಸೀಳಿಕೊಂಡು ಅಡಿಗೆಮನೆಯ ಬಾಗಿಲಿನಿಂದ ಬೋಳು ನೆಲದವರೆಗೆ ಒಂದು ಕಾಲುದಾರಿ ಸವೆದಿತ್ತು, ಒಬ್ಬರ ಪಾದ ಹಿಡಿಯುವಷ್ಟೇ ಅಗಲ. ತಮ್ಮನ ಕೋಣೆಯ ಬಾಗಿಲೂ ಅದೇ ಹಿತ್ತಲಿಗೆ ತೆರೆಯುತ್ತಿತ್ತು. ಅಲ್ಲಿಂದ ಹುಲ್ಲು ಎಲ್ಲೂ ಮುರಿಯದೆ ಹೊಸ್ತಿಲ ತನಕ ಬೆಳೆದು ನಿಂತಿತ್ತು.